ಶಂಖಪಾಷಾಣವೂ ರಕ್ತದ ಅರ್ಬುದವೂ

ಮುಂಬಯಿಯಲ್ಲಿ ನೆಲಸಿದ ಕನ್ನಡಿಗರ ಮನೆಗಳಿಗೆ ಊರಿನಿಂದ ಬರುವ ಅತಿಥಿಗಳಲ್ಲಿ ಎರಡು ಬಗೆ. ಮದುವೆಯ ಜವಳಿ ಕೊಳ್ಳಲು, ಗಣೇಶೋತ್ಸವದ ಸಡಗರ ನೋಡಲು ಬರುವವರು ಒಂದು ಬಗೆ. ಕೈಯಲ್ಲಿ ಎಕ್ಸ್-ರೇ ಲಕೋಟೆ ಹಿಡಿದು, ಪರೇಲಿನ ಕ್ಯಾನ್ಸರ್ ಆಸ್ಪತ್ರೆಗೆ ಯಾವ ಬಸ್ಸು ಹೋಗುತ್ತದೆಂದು ವಿಚಾರಿಸುತ್ತ ಬರುವವರು ಇನ್ನೊಂದು ಬಗೆ. ಈ ಎರಡನೆಯ ಬಗೆಯ ಅತಿಥಿಗಳಿಗೆ ಹಾಸಿಗೆ ಹಾಸಿಕೊಡದ ಕನ್ನಡಿಗನ ಮನೆ ಈ ನಗರದಲ್ಲಿ ವಿರಳವೆಂದೇ ಹೇಳಬೇಕು.

ನಾಲ್ಕು ವರ್ಷಗಳ ಹಿಂದೆ ನಮ್ಮ ಮನೆಗೆ ಹೀಗೆ ಬಂದವನು ನನ್ನ ಸೋದರತ್ತೆಯ ಮೊಮ್ಮಗ, ಕುಂದಾಪುರದ ಕಡೆಯ ಇಪ್ಪತ್ತೆರಡರ ತರುಣ. ಹಲ್ಲುಜ್ಜುವಾಗ ಒಸಡಿನಿಂದ ರಕ್ತ, ತೋಳು ತೊಡೆಗಳ ಮೇಲೆ ಪೆಟ್ಟು ಬೀಳದೆಯೇ ಎದ್ದ ನೀಲಿ ಕಲೆಗಳು, ಸಂಜೆಯಾದರೆ ಜ್ವರ. ಊರಿನ ವೈದ್ಯರೊಬ್ಬರು ಹತ್ತು ದಿನ ‘ಸಿ’ ಜೀವಸತ್ವದ ಮಾತ್ರೆ ಕೊಟ್ಟಿದ್ದರು. ಹನ್ನೊಂದನೆಯ ದಿನ ಮೂಗಿನ ರಕ್ತ ನಿಲ್ಲದೆ ಹೋದಾಗ ಯಾರೋ ಪುಣ್ಯಾತ್ಮರು ರಕ್ತ ಪರೀಕ್ಷೆ ಮಾಡಿಸಿದರು. ಮುಂಬಯಿಗೆ ಬಂದ ದಿನವೇ ಆಸ್ಪತ್ರೆಯಲ್ಲಿ ಸೇರಿಸಿಕೊಂಡು, ಪೂರ್ಣ ವರದಿ ಬರುವ ಮೊದಲೇ, ಅದೇ ಸಂಜೆ ಒಂದು ಬಗೆಯ ಕ್ಯಾಪ್ಸೂಲು ಪ್ರಾರಂಭಿಸಿದರು. ರೋಗದ ಹೆಸರು ‘ಅಕ್ಯೂಟ್ ಪ್ರೋಮಯಲೋಸೈಟಿಕ್ ಲ್ಯುಕೇಮಿಯ’ ಎಂದು ಎರಡು ದಿನಗಳ ನಂತರ ಖಚಿತವಾಯಿತು. ಜೊತೆಗೆ ರಕ್ತನಾಳದ ಮೂಲಕ ದಿನವೂ ‘ಆರ್ಸೆನಿಕ್’ ಕೊಡಬೇಕಾಗುವುದೆಂದು ತಿಳಿಸಿದರು.

ಹುಡುಗನ ತಂದೆ, ಅಂದರೆ ನನ್ನ ಭಾವನವರು, ಆ ರಾತ್ರಿ ಊಟ ಮಾಡಲಿಲ್ಲ. “ನೋಡು ಮಾರಾಯಾ, ಆರ್ಸೆನಿಕ್ ಅಂದರೆ ಪಾಷಾಣವಂತೆ. ಪಾಷಾಣವನ್ನೇ ಕೊಡುವುದಾದರೆ ನಮ್ಮ ಊರಿನ ಪಂಡಿತರೇ ಕೊಡುತ್ತಿದ್ದರಲ್ಲ, ಭಸ್ಮ ಮಾಡಿ? ಇಷ್ಟು ದೂರ ಬರಬೇಕಿತ್ತೆ?” ಎಂದು ಕೇಳಿದರು. ಪಂಡಿತರು ಕೊಟ್ಟಿದ್ದ ಪೊಟ್ಟಣ ಅವರ ಚೀಲದಲ್ಲಿಯೇ ಇತ್ತು. ಮರುದಿನ ಹುಡುಗನನ್ನು ಬಿಡಿಸಿಕೊಂಡು ಊರಿಗೆ ಹೊರಡುವ ಯೋಚನೆಯೂ ಅವರಲ್ಲಿತ್ತೆಂದು ನನಗೆ ಆಮೇಲೆ ತಿಳಿಯಿತು.

ನಾನು ವಾಣಿಜ್ಯದ ಪದವೀಧರ, ಬ್ಯಾಂಕಿನ ಅಧಿಕಾರಿ. ವೈದ್ಯನಲ್ಲ. ಆದರೆ ಭಾವನವರ ಪ್ರಶ್ನೆ ತಳ್ಳಿಹಾಕುವಂಥದಾಗಿರಲಿಲ್ಲ. ಅದಕ್ಕೆ ಉತ್ತರ ಹುಡುಕುತ್ತ ಓದಿದ್ದನ್ನೂ, ಪರಿಚಯದ ವೈದ್ಯರಿಂದ ಕೇಳಿ ತಿಳಿದದ್ದನ್ನೂ ಸಂಘದ ಬಂಧುಗಳ ಮುಂದಿಡುವುದೇ ಪ್ರಸ್ತುತ ಲೇಖನದ ಉದ್ದೇಶ.

ಮಂಚೂರಿಯಾದ ಹಳ್ಳಿಯ ಮದ್ದು

ಕಥೆ ಪ್ರಾರಂಭವಾಗುವುದು ಈಶಾನ್ಯ ಚೀನಾದ ಹಾರ್ಬಿನ್ ನಗರದಲ್ಲಿ, 1970ರ ದಶಕದ ಆರಂಭದಲ್ಲಿ. ಆಗ ಚೀನಾದಲ್ಲಿ ಸಾಂಸ್ಕೃತಿಕ ಕ್ರಾಂತಿಯ ಕಾಲ. ನಗರದ ವೈದ್ಯರನ್ನು ಹಳ್ಳಿಗಳಿಗೆ ಕಳುಹಿಸುವುದೂ, ನಾಟಿ ಮದ್ದುಗಳನ್ನು ಹುಡುಕಿ ಪರೀಕ್ಷಿಸಲು ಹೇಳುವುದೂ ಸರಕಾರದ ನೀತಿಯಾಗಿತ್ತು. ಹಾರ್ಬಿನ್ ವೈದ್ಯಕೀಯ ವಿಶ್ವವಿದ್ಯಾಲಯದ ಡಾ. ಝಾಂಗ್ ಟಿಂಗ್‌ಡಾಂಗ್ ಪಾಶ್ಚಾತ್ಯ ವೈದ್ಯವನ್ನು ಓದಿ, ತರುವಾಯ ಚೀನಾದ ಸಾಂಪ್ರದಾಯಿಕ ವೈದ್ಯವನ್ನೂ ಕಲಿತವರು. ಹಳ್ಳಿಯೊಂದರಲ್ಲಿ ನಾಟಿ ವೈದ್ಯನೊಬ್ಬನು ಗಂಡಮಾಲೆಗೂ ಅರ್ಬುದಕ್ಕೂ ಒಂದೇ ಮದ್ದು ಕೊಡುತ್ತಾನೆ, ಕೆಲವರಿಗೆ ಗುಣ ಕಾಣುತ್ತದೆ ಎಂಬ ಸುದ್ದಿ ಅವರಿಗೂ, ಅವರ ಸಹೋದ್ಯೋಗಿ, ಔಷಧ ತಯಾರಕ ಹಾನ್ ತಾಯ್‌ಯುನ್ ಅವರಿಗೂ ತಲುಪಿತು.

ಆ ಮದ್ದಿನಲ್ಲಿದ್ದುದು ಮೂರು ವಸ್ತುಗಳು: ಶಂಖಪಾಷಾಣ, ಪಾದರಸದ ಒಂದು ಲವಣ, ಮತ್ತು ನೆಲಗಪ್ಪೆಯ ಚರ್ಮದಿಂದ ತೆಗೆದ ವಿಷ. ಒಂದಕ್ಕಿಂತ ಒಂದು ಭಯಂಕರ! ಸಾಮಾನ್ಯವಾಗಿ ಇಂಥ ಮದ್ದನ್ನು ಕಂಡ ನಗರದ ವೈದ್ಯ ಎರಡು ತಪ್ಪುಗಳಲ್ಲಿ ಒಂದನ್ನು ಮಾಡುತ್ತಾನೆ. ಮೂಢನಂಬಿಕೆಯೆಂದು ನಕ್ಕು ತಳ್ಳುತ್ತಾನೆ, ಇಲ್ಲವೆ ಪ್ರಾಚೀನರ ಜ್ಞಾನವೆಂದು ಹಾಗೆಯೇ ಒಪ್ಪಿಕೊಳ್ಳುತ್ತಾನೆ. ಹಾರ್ಬಿನ್ನಿನವರು ಎರಡನ್ನೂ ಮಾಡಲಿಲ್ಲ. ಮೂರನ್ನೂ ಬಿಡಿಬಿಡಿಯಾಗಿ ನೋಡಿದರು. ಕಪ್ಪೆಯ ವಿಷ ರಕ್ತದೊತ್ತಡವನ್ನು ಏರಿಸುತ್ತಿತ್ತು, ಅದನ್ನು ಬಿಟ್ಟರು. ಪಾದರಸ ಮೂತ್ರಪಿಂಡವನ್ನು ಕೆಡಿಸುತ್ತಿತ್ತು. ಅದನ್ನು ಅಲ್ಪಾಂಶಕ್ಕೆ ಇಳಿಸಿ, ಕೊನೆಗೆ ಅದನ್ನೂ ಬಿಟ್ಟರು. ಗುಣ ಉಳಿದದ್ದು ಪಾಷಾಣದಲ್ಲಿ. ಅದನ್ನು ಶುದ್ಧಗೊಳಿಸಿ, ತೂಗಿ, ಸೂಜಿಮದ್ದಿನ ರೂಪಕ್ಕೆ ತಂದರು. 1973ರಲ್ಲಿ ಲ್ಯುಕೇಮಿಯದ ಆರು ಜನ ರೋಗಿಗಳ ಅನುಭವವನ್ನು ತಮ್ಮ ಪ್ರಾಂತದ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. 1979ರ ಹೊತ್ತಿಗೆ ಇನ್ನೊಂದು ಸಂಗತಿ ಅವರ ಗಮನಕ್ಕೆ ಬಂದಿತ್ತು: ಎಲ್ಲ ಬಗೆಯ ಲ್ಯುಕೇಮಿಯಕ್ಕೂ ಈ ಮದ್ದು ಒಂದೇ ಸಮನಾಗಿ ನಾಟುವುದಿಲ್ಲ, ಪ್ರೋಮಯಲೋಸೈಟಿಕ್ ಎಂಬ ಬಗೆಗೆ ಮಾತ್ರ ಅದ್ಭುತವಾಗಿ ನಾಟುತ್ತದೆ.

ಈ ಕಥೆಯನ್ನು ನಾನು ವಿಸ್ತಾರವಾಗಿ ಹೇಳಲು ಕಾರಣವಿದೆ. ಭಾವನವರ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿಯೇ ಇದೆ. ಹಳ್ಳಿಯ ಮದ್ದಿನಿಂದ ಆಸ್ಪತ್ರೆಯ ಮದ್ದು ಹುಟ್ಟಿತೆಂಬುದು ನಿಜ. ಆದರೆ ಹುಟ್ಟಿದ್ದು ಕಳೆಯುವ ಲೆಕ್ಕದಿಂದ. ಮೂರರಲ್ಲಿ ಎರಡನ್ನು ಕಳೆದಿದ್ದಾರೆ. ಎಲ್ಲ ರೋಗಿಗಳಲ್ಲಿ ಒಂದು ಬಗೆಯವರನ್ನು ಮಾತ್ರ ಉಳಿಸಿಕೊಂಡಿದ್ದಾರೆ.

ಪಾಷಾಣ ರಕ್ತರೋಗಕ್ಕೆ ಮದ್ದೆಂಬುದು ಚೀನಾದವರಿಗೆ ಮಾತ್ರ ಹೊಳೆದದ್ದೂ ಅಲ್ಲ. ಇಂಗ್ಲೆಂಡಿನ ಥಾಮಸ್ ಫೌಲರ್ 1786ರಲ್ಲಿ ಪಾಷಾಣದ ದ್ರಾವಣವೊಂದನ್ನು ಪ್ರಚಾರಕ್ಕೆ ತಂದಿದ್ದರು. ಹತ್ತೊಂಬತ್ತನೆಯ ಶತಮಾನದ ಯುರೋಪಿನ ವೈದ್ಯರು ಅದನ್ನು ದೀರ್ಘಕಾಲಿಕ ಲ್ಯುಕೇಮಿಯಕ್ಕೂ ಕೊಟ್ಟು, ಬಿಳಿಯ ಕಣಗಳು ಇಳಿಯುವುದನ್ನು ಕಂಡಿದ್ದರು. ವಿಕಿರಣ ಚಿಕಿತ್ಸೆ ಮತ್ತು ಹೊಸ ರಾಸಾಯನಿಕ ಮದ್ದುಗಳು ಬಂದ ಮೇಲೆ ಅದು ಮೂಲೆ ಸೇರಿತು. ಯಾವ ಬಗೆಗೆ ನಾಟುತ್ತದೆಂದು ಬೇರ್ಪಡಿಸಿ ನೋಡುವ ಸಾಧನ ಅಂದಿನವರ ಬಳಿ ಇರಲಿಲ್ಲ.

ಜೀವಕೋಶದೊಳಗೆ ನಡೆಯುವುದೇನು?

ನಮ್ಮ ಬಿಳಿಯ ರಕ್ತಕಣಗಳು ಹುಟ್ಟುವುದು ಎಲುಬಿನೊಳಗಿನ ಮಜ್ಜೆಯಲ್ಲಿ. ಹುಟ್ಟಿದ ಕೂಡಲೆ ಅವು ಕೆಲಸಕ್ಕೆ ಬಾರವು. ಹಲವು ಹಂತಗಳನ್ನು ದಾಟಿ ಬಲಿಯಬೇಕು. ಈ ಹಂತಗಳಲ್ಲಿ ಒಂದಕ್ಕೆ ಪ್ರೋಮಯಲೋಸೈಟ್ ಎಂದು ಹೆಸರು. ಶಾಲೆಯ ಮಕ್ಕಳಲ್ಲಿ ಏಳನೆಯ ತರಗತಿಯವರು ಎಂದುಕೊಳ್ಳೋಣ. ಪ್ರಸ್ತುತ ರೋಗದಲ್ಲಿ ಕಣಗಳು ಈ ತರಗತಿಯಲ್ಲಿಯೇ ನಿಂತುಬಿಡುತ್ತವೆ. ಮೇಲೆ ಹೋಗುವುದೂ ಇಲ್ಲ, ಸಾಯುವುದೂ ಇಲ್ಲ, ಹೊಸಬರು ಬಂದು ಸೇರುವುದು ಮಾತ್ರ ನಿಲ್ಲದು. ಮಜ್ಜೆ ಇವುಗಳಿಂದಲೇ ತುಂಬಿ, ಕೆಂಪು ಕಣಗಳಿಗೂ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ಟುಗಳಿಗೂ ಎಡೆಯಿಲ್ಲದಂತಾಗುತ್ತದೆ. ಸಾಲದ್ದಕ್ಕೆ ಈ ಬಲಿಯದ ಕಣಗಳಿಂದ ಹೊರಬೀಳುವ ದ್ರವ್ಯಗಳು ರಕ್ತ ಹೆಪ್ಪುಗಟ್ಟುವ ವ್ಯವಸ್ಥೆಯನ್ನೇ ಕೆಡಿಸುತ್ತವೆ. ನಾರ್ವೆಯ ಹಿಲ್ಲೆಸ್ಟಾಡ್ 1957ರಲ್ಲಿ ಈ ರೋಗವನ್ನು ಮೊದಲು ಬೇರೆಯಾಗಿ ವರ್ಣಿಸಿದಾಗ, ವಾರಗಳಲ್ಲಿ ಕೊಲ್ಲುವ ರಕ್ತಸ್ರಾವವೇ ಇದರ ಲಕ್ಷಣವೆಂದು ಬರೆದರು. ತೀವ್ರ ಮಜ್ಜೆಯ ಲ್ಯುಕೇಮಿಯಗಳಲ್ಲಿ ಸುಮಾರು ಹತ್ತರಲ್ಲಿ ಒಂದು ಈ ಬಗೆಯದು.

ಕಣಗಳು ಹೀಗೆ ನಿಲ್ಲುವುದೇಕೆ? 1977ರಲ್ಲಿ ಷಿಕಾಗೋದ ಜಾನೆಟ್ ರೌಲಿ ಮತ್ತು ಸಂಗಡಿಗರು ಇದರ ಸುಳಿವನ್ನು ಕಂಡರು. ಜೀವಕೋಶದ 46 ವರ್ಣತಂತುಗಳಲ್ಲಿ 15ನೆಯದರ ಒಂದು ತುಂಡೂ 17ನೆಯದರ ಒಂದು ತುಂಡೂ ಅದಲುಬದಲಾಗಿರುತ್ತವೆ. ಬ್ಯಾಂಕಿನವನಾದ ನನಗೆ ಹೊಳೆಯುವ ಹೋಲಿಕೆ ಇದು: ಲೆಡ್ಜರಿನ 15ನೆಯ ಹಾಳೆಯೂ 17ನೆಯ ಹಾಳೆಯೂ ಹರಿದು, ಯಾರೋ ಅವಸರದಲ್ಲಿ ಮೇಲರ್ಧಕ್ಕೆ ಬೇರೆಯ ಕೆಳಗರ್ಧವನ್ನು ಅಂಟಿಸಿದಂತೆ. ಎರಡು ಖಾತೆಗಳು ಸೇರಿ, ಯಾರದೂ ಅಲ್ಲದ ಒಂದು ಖಾತೆ ಹುಟ್ಟಿತು. 15ನೆಯದರಲ್ಲಿದ್ದ ಪಿ.ಎಂ.ಎಲ್. ಎಂಬ ಜೀನು, 17ನೆಯದರಲ್ಲಿದ್ದ ‘ಎ’ ಜೀವಸತ್ವದ ಆಜ್ಞೆಯನ್ನು ಸ್ವೀಕರಿಸುವ ಜೀನು, ಇವೆರಡೂ ಬೆಸೆದು ಒಂದು ವಿಪರೀತ ಪ್ರೋಟೀನನ್ನು ತಯಾರಿಸುತ್ತವೆ. ಇದು ‘ಇನ್ನು ಬಲಿಯಿರಿ’ ಎಂದು ಕಣಗಳಿಗೆ ಆಜ್ಞೆ ಕೊಡಬೇಕಾದ ಜೀನುಗಳ ಮೇಲೆ ಕುಳಿತು ಅವುಗಳ ಬಾಯಿ ಕಟ್ಟುತ್ತದೆ.

ಈ ಜೋಡು ಪ್ರೋಟೀನಿಗೆ ಎರಡು ಹಿಡಿಗಳಿವೆ. ‘ಎ’ ಜೀವಸತ್ವದಿಂದ ಬಂದ ರೆಟಿನೋಯಿಕ್ ಆಮ್ಲ ಒಂದು ಹಿಡಿಯನ್ನು ಹಿಡಿಯುತ್ತದೆ. ಷಾಂಘಾಯಿಯ ರುಯಿಜಿನ್ ಆಸ್ಪತ್ರೆಯ ಡಾ. ವಾಂಗ್ ಝೆನ್‌ಯಿ, ಕೆಟ್ಟ ಕಣಗಳನ್ನು ಕೊಲ್ಲುವುದರ ಬದಲು ಅವುಗಳನ್ನು ಬಲಿಸಿ ಸರಿದಾರಿಗೆ ತರಬಾರದೇಕೆಂದು ಯೋಚಿಸಿ, 1985ರಲ್ಲಿ ಐದು ವರ್ಷದ ಬಾಲಿಕೆಯೊಬ್ಬಳಿಗೆ ಇದನ್ನು ಮೊದಲು ಕೊಟ್ಟರು. 1988ರಲ್ಲಿ ಅವರು ಪ್ರಕಟಿಸಿದ 24 ರೋಗಿಗಳಲ್ಲಿ 23 ಮಂದಿಗೆ ಈ ಒಂದೇ ಮದ್ದಿನಿಂದ ರೋಗದ ಚಿಹ್ನೆಗಳು ಅಡಗಿದವು. ನಮ್ಮ ಹುಡುಗನಿಗೆ ಮೊದಲ ಸಂಜೆಯೇ ಕೊಟ್ಟ ಕ್ಯಾಪ್ಸೂಲು ಇದೇ. ಆದರೆ ಇದೊಂದನ್ನೇ ಕೊಟ್ಟರೆ ಕೆಲವು ತಿಂಗಳಲ್ಲಿ ರೋಗ ಬಹುಮಂದಿಗೆ ಮರಳುತ್ತಿತ್ತು.

ಇನ್ನೊಂದು ಹಿಡಿಯನ್ನು ಹಿಡಿಯುವುದು ಪಾಷಾಣ. ಷಾಂಘಾಯಿಯವರು ಹಾರ್ಬಿನ್ನಿನವರೊಡನೆ ಸೇರಿ 1990ರ ದಶಕದ ಮಧ್ಯಭಾಗದಲ್ಲಿ ಇದನ್ನು ಪರಿಶೀಲಿಸಿದರು. ವಾಂಗ್ ಅವರ ಶಿಷ್ಯ ಚೆನ್ ಝು (ಇವರು ಮುಂದೆ ಚೀನಾದ ಆರೋಗ್ಯ ಮಂತ್ರಿಯಾದರು) ಮತ್ತು ಸಂಗಡಿಗರು ರೋಗಿಯ ದೇಹದಿಂದ ತೆಗೆದು ಗಾಜಿನ ಪಾತ್ರೆಯಲ್ಲಿ ಬೆಳೆಸಿದ ಕಣಗಳ ಮೇಲೆ ಪಾಷಾಣವನ್ನು ಬೇರೆ ಬೇರೆ ಪ್ರಮಾಣದಲ್ಲಿ ಹಾಕಿ ನೋಡಿದರು. ಅತ್ಯಲ್ಪ ಪ್ರಮಾಣದಲ್ಲಿ ಕಣಗಳು ಒಂದಿಷ್ಟು ಬಲಿಯತೊಡಗಿದವು. ಪ್ರಮಾಣವನ್ನು ಸ್ವಲ್ಪ ಹೆಚ್ಚಿಸಿದರೆ ತಾವಾಗಿಯೇ ಕುಗ್ಗಿ, ತುಂಡಾಗಿ ಸತ್ತವು. ಎರಡೂ ಪರಿಣಾಮಗಳು ರೋಗಿಯ ರಕ್ತದಲ್ಲಿ ಸುರಕ್ಷಿತವಾಗಿ ತಲುಪಬಲ್ಲ ಪ್ರಮಾಣದಲ್ಲಿಯೇ ಕಂಡುಬಂದವೆಂಬುದು ಮುಖ್ಯ.

ಪಾಷಾಣಕ್ಕೆ ಗಂಧಕವೆಂದರೆ ಬಿಡದ ನಂಟು. ನಮ್ಮ ರಸವೈದ್ಯದ ಮನಶ್ಶಿಲೆ, ಹರಿತಾಳಗಳೆರಡೂ ಪಾಷಾಣ ಮತ್ತು ಗಂಧಕ ಸೇರಿದ ಖನಿಜಗಳೇ ಎಂಬುದನ್ನು ಗಮನಿಸಬೇಕು. ಜೋಡು ಪ್ರೋಟೀನಿನ ಪಿ.ಎಂ.ಎಲ್. ಭಾಗದಲ್ಲಿ ಗಂಧಕವುಳ್ಳ ಸಿಸ್ಟೀನ್ ಎಂಬ ಕೊಂಡಿಗಳಿವೆ. ಪಾಷಾಣ ನೇರವಾಗಿ ಅವುಗಳನ್ನೇ ಹಿಡಿಯುತ್ತದೆಂದು 2010ರಲ್ಲಿ ತೋರಿಸಿದರು. ಹಾಗೆ ಹಿಡಿದ ಕೂಡಲೆ ಜೀವಕೋಶ ಆ ಪ್ರೋಟೀನಿಗೆ ‘ಇದು ತ್ಯಾಜ್ಯ’ ಎಂಬ ಚೀಟಿಗಳನ್ನು ಒಂದರ ಮೇಲೊಂದು ಅಂಟಿಸುತ್ತದೆ. ಚೀಟಿ ಬಿದ್ದ ಪ್ರೋಟೀನನ್ನು ಜೀವಕೋಶದ್ದೇ ಆದ ಒಂದು ಗಿರಣಿ ಅರೆದು ಹಾಕುತ್ತದೆ. ಬಾಯಿ ಕಟ್ಟಿದವನು ಹೋದ ಮೇಲೆ ಕಣಗಳು ಬಲಿಯುತ್ತವೆ, ಬಲಿತು ಆಯುಸ್ಸು ಮುಗಿಸಿ ಸಾಯುತ್ತವೆ. ರೆಟಿನೋಯಿಕ್ ಆಮ್ಲ ಒಂದು ಕಡೆಯಿಂದ, ಪಾಷಾಣ ಇನ್ನೊಂದು ಕಡೆಯಿಂದ ಹಿಡಿದಾಗ ಪ್ರೋಟೀನಿಗೆ ಉಳಿಗಾಲವಿಲ್ಲ. ಈ ಜೋಡು ಪ್ರೋಟೀನಿಲ್ಲದ ಬೇರೆ ಲ್ಯುಕೇಮಿಯಗಳಲ್ಲಿ ಈ ಗುರಿಯೇ ಇಲ್ಲ. ಅಂದ ಮೇಲೆ ‘ಚೀನಾದ ಪಾಷಾಣದಿಂದ ರಕ್ತದ ಕ್ಯಾನ್ಸರ್ ಗುಣ’ ಎಂಬ ಮಾತು ಈ ಒಂದು ಬಗೆಯ ರೋಗಿಗಳಿಗೆ ಮಾತ್ರ ಸತ್ಯ, ಉಳಿದವರಿಗೆ ಅಪಾಯ.

ರೋಗಿಗಳ ಲೆಕ್ಕ

ಷಾಂಘಾಯಿಯಲ್ಲಿ ರೋಗ ಮರುಕಳಿಸಿದ 15 ಮಂದಿಯಲ್ಲಿ 14 ಮಂದಿಗೆ ಪಾಷಾಣದ ಚಿಕಿತ್ಸೆಯಿಂದ ಮತ್ತೆ ರೋಗ ಅಡಗಿತೆಂದು 1997ರಲ್ಲಿ ಪ್ರಕಟವಾಯಿತು. ಮರುವರ್ಷ ನ್ಯೂಯಾರ್ಕಿನಲ್ಲಿ 12ರಲ್ಲಿ 11 ಮಂದಿಗೆ ಅದೇ ಫಲ. 2000ದ ಸೆಪ್ಟೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ, ರೋಗ ಮರುಕಳಿಸಿದವರ ಸಲುವಾಗಿ ಇದಕ್ಕೆ ಒಪ್ಪಿಗೆ ಕೊಟ್ಟಿತು. 2013ರಲ್ಲಿ ಇಟಲಿ ಮತ್ತು ಜರ್ಮನಿಯ ವೈದ್ಯರು ಇನ್ನೂ ಮುಂದೆ ಹೋದರು: ಬಿಳಿಯ ಕಣ ಹತ್ತು ಸಾವಿರ ಮೀರದ ಹೊಸ ರೋಗಿಗಳಿಗೆ ಕೂದಲುದುರಿಸುವ ಕೀಮೋಥೆರಪಿ ಕೊಡದೆಯೇ, ರೆಟಿನೋಯಿಕ್ ಆಮ್ಲ ಮತ್ತು ಪಾಷಾಣಗಳೆರಡರಿಂದಲೇ ಎರಡು ವರ್ಷಗಳ ನಂತರ ನೂರಕ್ಕೆ 97 ಮಂದಿ ರೋಗ ಮರಳದೆ ಬದುಕಿದ್ದುದನ್ನು ತೋರಿಸಿದರು. ವಾರಗಳಲ್ಲಿ ಕೊಲ್ಲುತ್ತಿದ್ದ ಕಾಯಿಲೆ ಈಗ ಲ್ಯುಕೇಮಿಯಗಳಲ್ಲೆಲ್ಲ ಅತಿ ಹೆಚ್ಚು ಗುಣವಾಗುವ ಕಾಯಿಲೆಗಳಲ್ಲಿ ಒಂದು.

ಇದರಲ್ಲಿ ನಮ್ಮ ದೇಶದ ಪಾಲೂ ಹೆಮ್ಮೆಪಡತಕ್ಕದ್ದು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು 1998ರಿಂದ 2004ರವರೆಗೆ 72 ಹೊಸ ರೋಗಿಗಳಿಗೆ ಪಾಷಾಣವನ್ನೊಂದನ್ನೇ ಮುಖ್ಯ ಚಿಕಿತ್ಸೆಯಾಗಿ ಕೊಟ್ಟರು. ದುಬಾರಿ ಕೀಮೋಥೆರಪಿಯನ್ನೂ ಅದರ ಜೊತೆಗೆ ಬರುವ ಸೋಂಕು, ರಕ್ತದ ಬಾಟಲಿ, ದೀರ್ಘ ಆಸ್ಪತ್ರೆ ವಾಸಗಳನ್ನೂ ಭರಿಸಲಾಗದ ನಮ್ಮಂಥ ದೇಶಕ್ಕೆ ಇದು ಬಹು ದೊಡ್ಡ ಪ್ರಶ್ನೆಯಾಗಿತ್ತು. ನೂರಕ್ಕೆ 86 ಮಂದಿಗೆ ರೋಗ ಅಡಗಿತು. ಐದು ವರ್ಷಗಳ ನಂತರವೂ ನೂರಕ್ಕೆ ಸುಮಾರು 74 ಮಂದಿ ಬದುಕಿದ್ದರು. ಉಳಿದವರ ವಿಷಯ? ಅವರಲ್ಲಿ ಅನೇಕರು ಮೊದಲ ಕೆಲವು ದಿನಗಳಲ್ಲೇ, ಮದ್ದು ಕೆಲಸ ಮಾಡುವ ಮುನ್ನವೇ, ರಕ್ತಸ್ರಾವದಿಂದ ತೀರಿಕೊಂಡವರು. ಇಂದಿಗೂ, ಎಲ್ಲ ದೇಶಗಳಲ್ಲಿಯೂ, ಈ ರೋಗದಲ್ಲಿ ಪ್ರಾಣ ಹೋಗುವುದು ಬಹುಮಟ್ಟಿಗೆ ಈ ಮೊದಲ ದಿನಗಳಲ್ಲಿಯೇ. ಸಂದೇಹ ಬಂದ ಕೂಡಲೆ, ವರದಿಗೆ ಕಾಯದೆ, ಕ್ಯಾಪ್ಸೂಲು ಕೊಡುವುದು ಈ ಕಾರಣಕ್ಕಾಗಿ. ಊರಿನಲ್ಲಿ ಕಳೆದ ಆ ಹತ್ತು ದಿನಗಳನ್ನು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ನೀಲಿ ಮತ್ತು ಮರದ ತೊಗಟೆ

ಚೀನಾದ ಇನ್ನೆರಡು ಮದ್ದುಗಳನ್ನು ಚುಟುಕಾಗಿ ಹೇಳುತ್ತೇನೆ. ಅಲ್ಲಿ ದೀರ್ಘಕಾಲಿಕ ಲ್ಯುಕೇಮಿಯಕ್ಕೆ ಹನ್ನೊಂದು ಮೂಲಿಕೆಗಳ ಒಂದು ಗುಳಿಗೆಯನ್ನು ಕೊಡುತ್ತಿದ್ದರು. ಬಿಡಿಸಿ ನೋಡಿದಾಗ ಹನ್ನೊಂದರಲ್ಲಿ ಗುಣವಿದ್ದುದು ನೀಲಿ ಗಿಡದ ಪುಡಿಯಲ್ಲಿ. ಅದರೊಳಗೂ, ಬಟ್ಟೆಗೆ ಹಾಕುವ ನೀಲಿಯ ಒಡಹುಟ್ಟಾದ ‘ಇಂಡಿರುಬಿನ್’ ಎಂಬ ಕೆಂಪು ದ್ರವ್ಯದಲ್ಲಿ. ಕಣಗಳು ಇಬ್ಭಾಗವಾಗಲು ಬೇಕಾದ ಕೆಲವು ಕಿಣ್ವಗಳನ್ನು ಇದು ತಡೆಯುತ್ತದೆಂದು 1999ರಲ್ಲಿ ತಿಳಿಯಿತು. ಆದರೆ 2001ರಲ್ಲಿ ಇಮ್ಯಾಟಿನಿಬ್ ಎಂಬ ಮಾತ್ರೆ ಬಂದ ಮೇಲೆ ಆ ರೋಗಕ್ಕೆ ಅದಕ್ಕಿಂತ ಎಷ್ಟೋ ಮೇಲಾದ ಮದ್ದು ಸಿಕ್ಕಿತು. ಇನ್ನೊಂದು, ಸೆಫಲೋಟ್ಯಾಕ್ಸಸ್ ಎಂಬ ಮರದಿಂದ ತೆಗೆದ ಹೋಮೋಹ್ಯಾರಿಂಗ್ಟೋನಿನ್. ಇದು ಕಣಗಳು ಪ್ರೋಟೀನು ತಯಾರಿಸುವುದನ್ನೇ ನಿಲ್ಲಿಸುತ್ತದೆ. ಕ್ಷಣಕ್ಷಣಕ್ಕೂ ಹೊಸದಾಗಿ ತಯಾರಾಗುವ ರಕ್ಷಕ ಪ್ರೋಟೀನುಗಳನ್ನೇ ನೆಚ್ಚಿ ಬದುಕುವ ಲ್ಯುಕೇಮಿಯ ಕಣಗಳು ಮೊದಲು ಸಾಯುತ್ತವೆ. 2012ರಲ್ಲಿ ಅಮೆರಿಕದಲ್ಲಿ ಇದಕ್ಕೂ ಒಪ್ಪಿಗೆ ದೊರೆಯಿತು.

ಇವೆಲ್ಲಕ್ಕಿಂತ ಸ್ವಾರಸ್ಯವಾದದ್ದು ಚೀನಾದ ಒಂದು ಮಾತ್ರೆ. ಮನಶ್ಶಿಲೆ, ನೀಲಿಯ ಪುಡಿ, ಜೊತೆಗೆ ಎರಡು ಬೇರುಗಳು. ಹಳೆಯ ಕ್ರಮದಲ್ಲಿ ಕೂಡಿಸಿದ ಈ ನಾಲ್ಕನ್ನು 2008ರಲ್ಲಿ ಚೆನ್ ಝು ಅವರ ತಂಡ ಪರಿಶೀಲಿಸಿ, ನೀಲಿಯ ದ್ರವ್ಯವೂ ಒಂದು ಬೇರಿನ ದ್ರವ್ಯವೂ ಲ್ಯುಕೇಮಿಯ ಕಣದ ಗೋಡೆಯಲ್ಲಿ ಪಾಷಾಣ ಒಳನುಗ್ಗುವ ಬಾಗಿಲುಗಳನ್ನು ಹೆಚ್ಚಿಸುತ್ತವೆಂದು ತೋರಿಸಿತು. ಅಂದರೆ ಇಲ್ಲಿ ಕಳೆಯುವ ಲೆಕ್ಕವಲ್ಲ, ಕೂಡುವ ಲೆಕ್ಕವೇ ಸರಿಯಾಯಿತು! 2013ರಲ್ಲಿ ಪ್ರಕಟವಾದ, 242 ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ ಈ ಮಾತ್ರೆ, ರಕ್ತನಾಳದ ಮೂಲಕ ಕೊಡುವ ಪಾಷಾಣಕ್ಕೆ ಸರಿಸಮವೆಂದು ಕಂಡುಬಂತು. ಹಳೆಯ ಮದ್ದುಗಳನ್ನು ಸಾರಾಸಗಟಾಗಿ ಹಳಿಯುವವರು ಇದನ್ನು ಗಮನಿಸಬೇಕು.

ಪೊಟ್ಟಣದ ವಿಷಯ

ಹಾಗಿದ್ದರೆ ಪಂಡಿತರ ಪೊಟ್ಟಣದಲ್ಲಿ ಏನು ತಪ್ಪು? ಅರುವತ್ತು ಕಿಲೋ ತೂಗುವ ರೋಗಿಗೆ ಆಸ್ಪತ್ರೆಯಲ್ಲಿ ದಿನಕ್ಕೆ ಕೊಡುವ ಪಾಷಾಣ 9 ಮಿಲಿಗ್ರಾಂ. ಮನುಷ್ಯನನ್ನು ಕೊಲ್ಲಲು ಸುಮಾರು 100ರಿಂದ 200 ಮಿಲಿಗ್ರಾಂ ಸಾಕು. ಮದ್ದಿಗೂ ಮರಣಕ್ಕೂ ನಡುವಣ ಅಂತರ ಇಷ್ಟೇ. ಆ 9 ಮಿಲಿಗ್ರಾಮನ್ನು ಕೂಡ ಹೃದಯದ ಇ.ಸಿ.ಜಿ. ನೋಡುತ್ತ, ರಕ್ತದ ಪೊಟ್ಯಾಸಿಯಂ, ಮೆಗ್ನೀಸಿಯಂಗಳನ್ನು ಅಳೆಯುತ್ತ ಕೊಡಬೇಕು. ಇಲ್ಲವಾದರೆ ಹೃದಯದ ಬಡಿತ ಎಡವಬಹುದು. ಕಣಗಳು ಒಮ್ಮೆಲೆ ಬಲಿಯತೊಡಗಿದಾಗ ಜ್ವರ, ಉಸಿರಿನ ಕಷ್ಟ, ಮೈ ಬಾವುಗಳು ಬರುವುದುಂಟು. ನಮ್ಮ ಹುಡುಗನಿಗೂ ಎರಡನೆಯ ವಾರ ಬಂದವು. ತಕ್ಷಣ ಸ್ಟೀರಾಯ್ಡ್ ಕೊಟ್ಟು ಉಳಿಸಿಕೊಂಡರು. ಮನೆಯಲ್ಲಿ ಆಗಿದ್ದರೆ ಅದನ್ನು ರೋಗದ ಉಲ್ಬಣವೆಂದು ತಿಳಿದು ಇನ್ನೆರಡು ಚಿಟಿಕೆ ಭಸ್ಮ ಹಾಕುತ್ತಿದ್ದೆವೋ ಏನೋ.

ಪೊಟ್ಟಣದಲ್ಲಿ ಪಾಷಾಣ ಎಷ್ಟಿತ್ತು, ಇತ್ತೋ ಇಲ್ಲವೋ, ಜೊತೆಗೆ ಪಾದರಸ ಸೀಸಗಳಿದ್ದವೋ ಎಂಬುದು ಪಂಡಿತರಿಗೂ ತಿಳಿದಿರಲಾರದು. ಬಾಸ್ಟನ್ ನಗರದ ಅಂಗಡಿಗಳಲ್ಲಿ ಮಾರುತ್ತಿದ್ದ 70 ಆಯುರ್ವೇದ ಔಷಧಿಗಳನ್ನು ತರಿಸಿ ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಪಾಷಾಣ ದೊರೆತವೆಂದು 2004ರಲ್ಲಿ ಪ್ರಕಟವಾಗಿತ್ತು. ಇದು ಆಯುರ್ವೇದದ ನಿಂದೆಯಲ್ಲ. ನನ್ನ ಅಜ್ಜಿಯ ಕಷಾಯವನ್ನು ನಾನು ಇಂದಿಗೂ ಕುಡಿಯುತ್ತೇನೆ. ಅಳತೆಯಿಲ್ಲದ ವಿಷದ ವಿಷಯ ಮಾತ್ರ ಬೇರೆ.

ಇನ್ನೊಂದು ಮಾತು. ‘ಅರಿಸಿನ ಕ್ಯಾನ್ಸರ್ ಕಣಗಳನ್ನು ಕೊಲ್ಲುತ್ತದೆ’, ‘ಇಂಥ ಎಲೆಯ ರಸ ಕೊಲ್ಲುತ್ತದೆ’ ಎಂಬ ಸುದ್ದಿಗಳು ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತವೆ. ಗಾಜಿನ ಪಾತ್ರೆಯಲ್ಲಿ ಕಣಗಳನ್ನು ಕೊಲ್ಲುವುದು ಕಷ್ಟವಲ್ಲ. ಅಡುಗೆಯ ಉಪ್ಪನ್ನು ಸಾಕಷ್ಟು ಹಾಕಿದರೂ ಸಾಯುತ್ತವೆ. ಅರಿಸಿನದ ಸಾರ ಹೊಟ್ಟೆಯಿಂದ ರಕ್ತಕ್ಕೆ ಸೇರುವುದೇ ಬಹು ಕಡಿಮೆ. ಪಾತ್ರೆಯಲ್ಲಿ ಕೊಂದ ಪ್ರಮಾಣ ರೋಗಿಯ ರಕ್ತದಲ್ಲಿ ಸುರಕ್ಷಿತವಾಗಿ ತಲುಪುತ್ತದೆಯೇ, ತಲುಪಿದ ಮೇಲೆ ರೋಗಿ ಬದುಕಿದನೇ ಎಂದು ಕೇಳಬೇಕು. ಪಾಷಾಣ ಈ ಎರಡು ಪ್ರಶ್ನೆಗಳಿಗೂ ಉತ್ತರ ಕೊಟ್ಟಿದೆ. ಸುದ್ದಿಯಲ್ಲಿ ಬರುವ ಬಹುಪಾಲು ಮೂಲಿಕೆಗಳು ಕೊಟ್ಟಿಲ್ಲ.

ಆ ರಾತ್ರಿ ಇದೆಲ್ಲ ನನಗೆ ತಿಳಿದಿರಲಿಲ್ಲ. ಹಾರ್ಬಿನ್ನಿನ ಕಥೆಯನ್ನು ವಾರ್ಡಿನ ಕಿರಿಯ ವೈದ್ಯೆಯೊಬ್ಬರು ಮರುದಿನ ಬೆಳಿಗ್ಗೆ ಭಾವನವರಿಗೆ ತಾವೇ ಹೇಳಿದರು. ಎರಡು ವಸ್ತುಗಳನ್ನು ಕಳೆದ ವಿಷಯವನ್ನು ಅವರು ಎರಡು ಸಾರಿ ಹೇಳಿಸಿಕೊಂಡರು. ಆಮೇಲೆ ಊರಿಗೆ ಹೊರಡುವ ಮಾತು ಎತ್ತಲಿಲ್ಲ. ಮೂವತ್ತನಾಲ್ಕು ದಿನ ಆಸ್ಪತ್ರೆ, ಆನಂತರ ನಾಲ್ಕು ವಾರ ಮದ್ದು ನಾಲ್ಕು ವಾರ ಬಿಡುವು ಎಂಬ ಕ್ರಮದಲ್ಲಿ ನಾಲ್ಕು ಸುತ್ತು, ನಮ್ಮ ಹಾಲಿನ ದಿವಾನದ ಮೇಲೆ ಅಪ್ಪ ಮಗ ಇಬ್ಬರೂ. ಜೋಡು ಪ್ರೋಟೀನಿನ ಗುರುತು ಮಜ್ಜೆಯಲ್ಲಿ ಉಳಿದಿದೆಯೇ ಎಂದು ನೋಡುವ ಪರೀಕ್ಷೆಗೆ ಹುಡುಗ ಈ ವರ್ಷವೂ ಬಂದುಹೋದ; ಗುರುತಿಲ್ಲ. ಈಗ ಉಡುಪಿಯಲ್ಲಿ ಕೆಲಸದಲ್ಲಿದ್ದಾನೆ. ಬರುವಾಗ ತಾಯಿ ಕಟ್ಟಿಕೊಟ್ಟ ಹಲಸಿನ ಹಪ್ಪಳದ ಕಟ್ಟನ್ನು ತಂದಿದ್ದ.